ಬರಲಿರುವವನಿಗೊಂದು ಗುಟ್ಟು

ನಂದಿಬೆಟ್ಟದ ಸೀಮೆಯವನೆಂದು ಹೇಳಲಾಗುವ ಜೈನಮುನಿ ಕುಮುದೇಂದುವಿನ ಕಾವ್ಯದಲ್ಲಿ ಅಕ್ಷರಗಳೇ ಇಲ್ಲ. ‘ಸಿರಿಭೂವಲಯ’ದ ತುಂಬ ಬರೀ ಅಂಕಿಗಳು. ಅಡ್ಡಕ್ಕೆ 27, ಉದ್ದಕ್ಕೆ 27, ಒಟ್ಟು 729 ಮನೆಗಳ ಚೌಕ. ಮನೆಗೊಂದರಂತೆ 1ರಿಂದ 64ರೊಳಗಿನ ಸಂಖ್ಯೆ. ಅವನ ಕಾಲ ಯಾವುದೆಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ, ಚೌಕಗಳಂತೂ ಕಣ್ಣೆದುರಿಗಿವೆ.

ಅರವತ್ತನಾಲ್ಕೇ ಏಕೆ? ಒಂಬತ್ತು ಸ್ವರಗಳು ಹ್ರಸ್ವ, ದೀರ್ಘ, ಪ್ಲುತವೆಂದು ಮೂರು ಬಗೆಯಾಗಿ 27. ವರ್ಗೀಯ ವ್ಯಂಜನ 25, ಅವರ್ಗೀಯ 8, ಯೋಗವಾಹ 4. ಧ್ವನಿಗೊಂದು ಅಂಕಿ. ಗೂಢಲಿಪಿಯ ಮೊದಲ ಪಾಠ ಇದೇ: ಅಕ್ಷರದ ಜಾಗದಲ್ಲಿ ಬೇರೊಂದು ಗುರುತು. ಇಷ್ಟೇ ಆಗಿದ್ದರೆ ಒಡೆಯುವುದು ಕಷ್ಟವಲ್ಲ. ಯಾವ ಗುರುತು ಎಷ್ಟು ಸಲ ಬಂದಿದೆಯೆಂದು ಎಣಿಸಿದರೆ ಅದರ ಹಿಂದಿನ ಅಕ್ಷರ ಸಿಕ್ಕಿಬೀಳುತ್ತದೆಂದು 9ನೇ ಶತಮಾನದಲ್ಲೇ ಅರಬ್ ಪಂಡಿತ ಅಲ್-ಕಿಂದಿ ತೋರಿಸಿದ್ದ.

ಎರಡನೆಯ ಪಾಠ, ಕ್ರಮ ಕದಡುವುದು. ಈ ಚೌಕವನ್ನು ಎಡದಿಂದ ಬಲಕ್ಕೆ ಓದಿದರೆ ಬರೀ ಗದ್ದಲ. ‘ಬಂಧ’ ತಿಳಿದವನು ಮನೆಯಿಂದ ಮನೆಗೆ ಓರೆಯಾಗಿ ಸಾಗಿದರೆ ಸಾಂಗತ್ಯದ ಪದ್ಯ ಕೇಳತೊಡಗುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವವರಿಗೆ ಇದು ಗೊತ್ತು: ಬೆಂದ ಗೂಡಿನಲ್ಲಿ ಎಳೆಯ ತುದಿ ಸಿಗಬೇಕು, ಆಮೇಲೆ ಗೂಡೆಲ್ಲ ಬಿಚ್ಚಿಕೊಳ್ಳುತ್ತದೆ. ಹಾಗೆ ಬಂದ ಕನ್ನಡ ಪದ್ಯಗಳ ಮೊದಲಕ್ಷರಗಳನ್ನು ಮೇಲಿಂದ ಕೆಳಕ್ಕೆ ಪೋಣಿಸಿದರೆ ಪ್ರಾಕೃತ, ನಡುವಿನ ಅಕ್ಷರಗಳನ್ನು ಪೋಣಿಸಿದರೆ ಸಂಸ್ಕೃತ!

ಆ ಬಂಧವೇ ಕೀಲಿಕೈ. ವಿಧಾನ ಊರಿಗೆಲ್ಲ ತಿಳಿದರೂ ಚಿಂತೆಯಿಲ್ಲ, ಕೀಲಿಕೈಯೊಂದು ಗುಟ್ಟಾಗಿದ್ದರೆ ಸಾಕೆಂಬುದು 1883ರಲ್ಲಿ ಗೂಢಲಿಪಿತಜ್ಞ ಕೆರ್ಕ್‌ಹಾಫ್ಸ್ ಹೇಳಿದ ತತ್ತ್ವ. ಇಂದಿಗೂ ಈ ವಿದ್ಯೆಯ ಬುನಾದಿ. ವಾಟ್ಸ್‌ಆ್ಯಪ್ ಸಂದೇಶಗಳು ಕೀಲಿ ಬದಲಿಸುತ್ತಾ, ಹಳೆಯದನ್ನು ಅಳಿಸುತ್ತಾ ಸಾಗುತ್ತವೆ. ನಾಳೆ ಯಾರೂ ಬಂದು ತೆರೆಯಬಾರದು. ಕುಮುದೇಂದುವಿನದು ಇದಕ್ಕೆ ತದ್ವಿರುದ್ಧ ಆಸೆ: ಎಂದಾದರೂ ಯಾರಾದರೂ ಬಂದು ತೆರೆಯಬೇಕು. ಹಾಗೆ ಬಂದವರೂ ಉಂಟು. ಪಂಡಿತ ಎಲ್ಲಪ್ಪ ಶಾಸ್ತ್ರಿಗಳ ಬಳಿ ಉಳಿದಿದ್ದ ಕಾವ್ಯದ ಪ್ರತಿಯನ್ನು ಕರ್ಲಮಂಗಲಂ ಶ್ರೀಕಂಠಯ್ಯನವರು ಬಿಡಿಸಲು ಕೂತರು; 1953ರಲ್ಲಿ ಮೊದಲ ಭಾಗ ಅಚ್ಚಾಯಿತು.

ನನ್ನ ಸೋಜಿಗವಿರುವುದು ಇಲ್ಲಿ. ಅರ್ಥ ಅಂಕಿಯೊಳಗಿಲ್ಲ, ಅದನ್ನು ಬರೆದ ಕೈ ಎಂದೋ ಇಲ್ಲವಾಗಿದೆ. ಅರ್ಥವಿರುವುದು ಬರೆದವನಿಗೂ ಓದುವವನಿಗೂ ನಡುವಣ ಒಪ್ಪಂದದಲ್ಲಿ. ಆ ಇಬ್ಬರೂ ಒಬ್ಬರನ್ನೊಬ್ಬರು ಕಂಡಿರಲೇಬೇಕೆಂದಿಲ್ಲ. ಯಾರಿಗೂ ತಿಳಿಯಬಾರದೆಂದಿದ್ದರೆ ಮುನಿ ಬರೆಯದೆ ಇದ್ದುಬಿಡಬಹುದಿತ್ತು. ಗುಟ್ಟನ್ನು ಬರೆದಿಟ್ಟವನು, ಓದುವವನೊಬ್ಬ ಬಂದೇ ಬರುತ್ತಾನೆಂದು ನಂಬಿದವನು.