ಗೂಡು ಖಾಲಿಯಿದೆ ಎನ್ನುವ ಮುನ್ನ



ವಾರ್ಷಿಕ ಹಬ್ಬಕ್ಕೆ ಮುಂಚೆ ಚರ್ಚಿನ ಮುಖಮಂಟಪಕ್ಕೆ ಬಣ್ಣ ಬಳಿಯಬೇಕು, ಅದಕ್ಕಾಗಿ ಮೇಲಿನ ಗೂಡುಗಳನ್ನು ಕೆಡವಬೇಕು ಎಂಬ ಮಾತು ಬಂದಿದೆ. ಮೊಟ್ಟೆ ಮರಿಗಳಿಲ್ಲದ ಸಮಯ ನೋಡಿ ತೆಗೆದರೆ ಪಾಪವೇನೂ ಇಲ್ಲವಲ್ಲ ಎಂದು ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಉತ್ತರ ಹೇಳಬೇಕಾದರೆ ಮೊದಲು ಆ ಹಕ್ಕಿ ಯಾವುದೆಂದು ಗೊತ್ತಾಗಬೇಕು.

ನಮ್ಮಲ್ಲಿ ಅನೇಕರು ಅದನ್ನು ಅಂಬರಗುಬ್ಬಿ ಎನ್ನುತ್ತಾರೆ. ಚಳಿಗಾಲದಲ್ಲಿ ಕರೆಂಟಿನ ತಂತಿಯ ಮೇಲೆ ಸಾಲಾಗಿ ಕೂರುವ ಕವಲುಬಾಲದ ಅಂಬರಗುಬ್ಬಿ ವಲಸೆಯ ಅತಿಥಿ. ಇಲ್ಲಿ ಗೂಡು ಕಟ್ಟುವುದಿಲ್ಲ. ಮಂಟಪದಲ್ಲಿರುವುದು ಸ್ವಿಫ್ಟ್, ಮನೆ ಬಾನಾಡಿ ಎನ್ನೋಣ. ಸುಮಾರು 15 ಸೆಂಟಿಮೀಟರ್ ಉದ್ದ, ಮಸಿಗಪ್ಪು ಮೈ, ಬಿಳಿ ಕತ್ತು, ಬಾಲದ ಬುಡದಲ್ಲಿ ಬಿಳಿ ಪಟ್ಟಿ, ಕುಡುಗೋಲಿನಂಥ ರೆಕ್ಕೆ. ಮಲಯಾಳಂ ಪೂಜೆಗೆ ಬರುವ ಗೆಳೆಯರನ್ನು ಕೇಳಿದರೆ ‘ಅಂಬಲಂ ಚುಟ್ಟಿ’ ಎಂಬ ಹೆಸರು ಸಿಗುತ್ತದೆ: ದೇವಾಲಯ ಸುತ್ತುವವ. ಸಂಜೆ ಗೋಪುರದ ಸುತ್ತ ಕಿರುಚುತ್ತಾ ಗಿರಕಿ ಹೊಡೆಯುವ ಗುಂಪನ್ನು ಕಂಡವರಿಗೆ ಇದಕ್ಕಿಂತ ಒಳ್ಳೆಯ ಹೆಸರು ಹೊಳೆಯಲಾರದು.

ಇದು ತಂತಿಯ ಮೇಲೆ ಕೂರುವುದೇ ಇಲ್ಲ. ಇದರ ಕುಲದ ವೈಜ್ಞಾನಿಕ ಹೆಸರು ‘ಆಪಸ್’, ಅಂದರೆ ಗ್ರೀಕಿನಲ್ಲಿ ಕಾಲಿಲ್ಲದ್ದು. ಕಾಲಿದೆ, ಆದರೆ ಗೋಡೆಗೆ ಜೋತುಬೀಳಲಷ್ಟೇ ಸಾಕು. ಹುಳ ಹಿಡಿಯುವುದು, ನೀರು ಕುಡಿಯುವುದು, ಗೂಡಿಗೆ ಗರಿ ಎಳೆಗಳನ್ನು ಆರಿಸುವುದು ಎಲ್ಲವೂ ಹಾರುತ್ತಲೇ. ಆ ಗರಿಗಳನ್ನು ತನ್ನ ಜೊಲ್ಲಿನಿಂದ ಅಂಟಿಸಿ ಗೂಡು ಮಾಡುತ್ತದೆ. ಇದರ ಯುರೋಪಿನ ಬಂಧು ಹತ್ತು ತಿಂಗಳವರೆಗೂ ನೆಲ ಮುಟ್ಟದೆ ಹಾರಬಲ್ಲದು ಎಂದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದರು. ನಮ್ಮದು ಹಾಗಲ್ಲ. ಮರಿಗಳಿರಲಿ ಬಿಡಲಿ, ವರ್ಷವಿಡೀ ರಾತ್ರಿ ಮಲಗಲು ಅದೇ ಗೂಡಿಗೆ ಬರುತ್ತದೆ.

ಹಾಗಾದರೆ ಹಗಲು ಹತ್ತು ಗಂಟೆಗೆ ಏಣಿ ಹಾಕಿ ನೋಡಿ ‘ಖಾಲಿ’ ಎಂದರೆ, ಮನೆಯವರೆಲ್ಲ ಕೆಲಸಕ್ಕೆ ಹೋದಾಗ ಮನೆ ಖಾಲಿ ಎಂದಂತೆ.

ಧರ್ಮೋಪದೇಶ ತರಗತಿಯಲ್ಲಿ ನಾವು ಕಲಿತದ್ದು: ತಿಳಿಯದೆ ಮಾಡಿದ್ದಕ್ಕೆ ಹೊಣೆ ಕಡಿಮೆ. ಆದರೆ ತಿಳಿಯಲು ಪ್ರಯತ್ನವನ್ನೇ ಮಾಡದವನಿಗೆ ಆ ವಿನಾಯಿತಿ ಇಲ್ಲವೆಂದು ಕಥೋಲಿಕ ಧರ್ಮೋಪದೇಶ ಗ್ರಂಥದ 1791ನೆಯ ಪರಿಚ್ಛೇದದಲ್ಲಿದೆ. ಇದನ್ನು ಮನುಷ್ಯರ ವಿಷಯದಲ್ಲಿ ಮಾತ್ರ ಓದಬೇಕೆ? ಹಾಗೇನೂ ಇಲ್ಲವೆಂದು ನಮಗನಿಸುತ್ತದೆ. ಐದು ನಿಮಿಷ ತಲೆಯೆತ್ತಿ ನೋಡಿದರೆ ತಿಳಿಯುವಂಥದ್ದು ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತಿನಡಿ ಅಡಗಲಾರದು.

84ನೆಯ ಕೀರ್ತನೆಯಲ್ಲಿ ಬಲಿಪೀಠದ ಬಳಿ ಗೂಡು ಕಟ್ಟಿದ ಹಕ್ಕಿಗಳಿವೆ ಎಂದು ಯಾರಾದರೂ ನೆನಪಿಸಬಹುದು. ಅದು ಯಾತ್ರಿಕನ ಹಂಬಲದ ಹಾಡು, ಕಟ್ಟಡ ಸಮಿತಿಗೆ ಬರೆದ ಸುತ್ತೋಲೆಯಲ್ಲ. ಅದನ್ನು ಇಲ್ಲಿಗೆ ಎಳೆಯುವುದು ಬೇಡ. ಯೆರೆಮೀಯನ 8ನೆಯ ಅಧ್ಯಾಯ ಹೆಚ್ಚು ಹತ್ತಿರ. ಹಕ್ಕಿಗಳಿಗೆ ತಮ್ಮ ಕಾಲ ಗೊತ್ತು, ನನ್ನ ಜನರಿಗೆ ಗೊತ್ತಿಲ್ಲ ಎಂದು ಅಲ್ಲಿ ದೇವರ ದೂರು. ಆ ಹಕ್ಕಿಗಳಲ್ಲಿ ಒಂದನ್ನು ಇತ್ತೀಚಿನ ಹಲವು ಅನುವಾದಗಳು ಸ್ವಿಫ್ಟ್ ಎಂದೇ ಗುರುತಿಸಿವೆ.

ಹಿಕ್ಕೆಯ ತೊಂದರೆ ನಿಜ. ಭಾನುವಾರ ಮಂಟಪ ಗುಡಿಸುವ ತಾಯಂದಿರಿಗೆ ಅದರ ಕಷ್ಟ ಗೊತ್ತು, ಅವರಿಗೆ ಪಕ್ಷಿಪ್ರೇಮದ ಪಾಠ ಹೇಳುವುದು ಸುಲಭದ ಪುಣ್ಯ. ಗೂಡುಗಳ ಕೆಳಗೆ ಒಂದೂವರೆ ಅಡಿ ಅಗಲದ ಹಲಗೆ ಬಡಿದರೆ ಹಿಕ್ಕೆ ಹಲಗೆಯ ಮೇಲೆ ನಿಲ್ಲುತ್ತದೆ. ಗೂಡಿನ ಸುತ್ತ ಒಂದು ಗೇಣು ಬಿಟ್ಟು ಬಣ್ಣ ಬಳಿಯಬಹುದು. ತಿಂಗಳಿಗೊಮ್ಮೆ ಹಲಗೆ ತೊಳೆಯುವ ಕೆಲಸ ಯುವಜನರದು. ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಇದನ್ನೇ ಕೇಳಲಿದ್ದೇವೆ. ಹಲಗೆ ಕೊಡಬಲ್ಲವರು ಪೂಜೆಯ ನಂತರ ಸಿಗಿ.