ಬೀಗವೂ ಬೀಗದ ಕೈಯೂ

ಬೀಗ ಹಾಕುವುದು ನ್ಯಾಯವೆ ಎಂದು ಯಾರಾದರೂ ಕೇಳಿದರೆ ಓದುಗರು ನಕ್ಕಾರು. ನಾನೂ ನಗುತ್ತಿದ್ದೆ. ಮನೆಗೆ ಬೀಗ, ಬೀರುವಿಗೆ ಬೀಗ, ಸೈಕಲ್ಲಿಗೆ ಬೀಗ, ಈಗ ಜೇಬಿನ ಫೋನಿಗೂ ಬೀಗ. ಇಷ್ಟು ಬೀಗಗಳ ನಡುವೆ ಬಾಳುವವನಿಗೆ ಅವುಗಳ ನ್ಯಾಯಾನ್ಯಾಯ ವಿಚಾರಿಸಲು ಬಿಡುವೆಲ್ಲಿ? ಆದರೆ ಒಂದು ಹಳೆಯ ಟ್ರಕ್ಕಿನ ಬಾನೆಟ್ಟಿಗೆ ಹಾಕಿದ ಎರಡಂಗುಲದ ಬೀಗವೊಂದು ಕೆಲವು ತಿಂಗಳಿಂದ ನನ್ನ ಮನಸ್ಸನ್ನು ಕಾಡುತ್ತಿದೆ. ನಾಲ್ಕು ಜನರ ಮುಂದೆ ಆ ವಿಚಾರವನ್ನಿಟ್ಟರೆ ಭಾರ ಕಡಮೆಯಾದೀತೆಂದು ಬರೆಯುತ್ತಿದ್ದೇನೆ.

ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ, ಹೆಗ್ಗಡದೇವನಕೋಟೆಯ ಪೇಟೆಗೆ ತಿರುಗುವ ಕಡೆ, ಹ್ಯಾಂಡ್‌ಪೋಸ್ಟ್ ಎಂಬ ಊರಿದೆ. ದಾರಿ ಕವಲೊಡೆಯುವಲ್ಲಿ ನೆಟ್ಟು, ಯಾವ ಊರು ಯಾವ ಕಡೆ ಎಂದು ಕೈಯ ಗುರುತಿನಿಂದ ತೋರಿಸುವ ಕಂಬಕ್ಕೆ ಇಂಗ್ಲಿಷಿನಲ್ಲಿ ಇದ್ದ ಹೆಸರು ಅದು. ನಮ್ಮವರು ಅದನ್ನೇ ಕೈಮರ ಎಂದರು. ಚಿಕ್ಕಮಗಳೂರಿನ ಹತ್ತಿರ ಆ ಹೆಸರಿನ ಊರೇ ಇದೆ. ಹ್ಯಾಂಡ್‌ಪೋಸ್ಟಿನಿಂದ ಮುಂದೆ ಹೋದರೆ ನಾಗರಹೊಳೆಯ ಕಾಡು. ಕಾಡುಪ್ರಾಣಿಗಳಿಗೆ ತೊಂದರೆಯಾಗದಿರಲೆಂದು ಆ ಕಾಡುದಾರಿಯನ್ನು ರಾತ್ರಿ ಮುಚ್ಚುತ್ತಾರೆ. ಹೊತ್ತು ಮೀರಿ ಬಂದ ಗಾಡಿ ಬೆಳಗಾಗುವ ತನಕ ದಾರಿಯಲ್ಲೇ ಎಲ್ಲಾದರೂ ನಿಲ್ಲಬೇಕು.

ನನ್ನ ಅಕ್ಕನ ಮನೆ ಅಲ್ಲಿಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಭಾವನವರು ಬಾಳೆ, ಶುಂಠಿ ಬೆಳೆಯುತ್ತಾರೆ. ಸಾಗಿಸಲು ಒಂದು ಹಳೆಯ ಸಣ್ಣ ಟ್ರಕ್ಕನ್ನು ಇಟ್ಟುಕೊಂಡಿದ್ದಾರೆ. ಜೀಪಿನ ಮುಖ, ಹಿಂದೆ ಸಾಮಾನು ಹೇರುವ ತೊಟ್ಟಿ. ಜೀಪು ಮೊದಲು ಎರಡನೆಯ ಮಹಾಯುದ್ಧದ ಗಾಡಿ. 1947ರ ಹೊತ್ತಿಗೆ ಬೊಂಬಾಯಿಯಲ್ಲಿ ಅದನ್ನು ಜೋಡಿಸತೊಡಗಿದರು. ಅದರ ಬಾನೆಟ್ಟು ತೆರೆಯಲು ಒಳಗಿನ ಗುಂಡಿ ಬೇಡ, ಬೀಗದ ಕೈ ಬೇಡ. ಎರಡು ಪಕ್ಕದ ಕೊಂಡಿಗಳನ್ನು ಹೊರಗಿನಿಂದ ಸರಿಸಿದರೆ ಆಯಿತು. ರಣರಂಗದಲ್ಲಿ ಗಾಡಿ ಕೆಟ್ಟರೆ ಹತ್ತಿರವಿದ್ದ ಯಾವ ಸಿಪಾಯಿಯಾದರೂ ತಟ್ಟನೆ ತೆರೆದು ನೋಡಬೇಕಲ್ಲವೆ! ಯುದ್ಧ ಮುಗಿಯಿತು, ಕೊಂಡಿ ಹಾಗೆಯೇ ಉಳಿಯಿತು. ಸಿಪಾಯಿಯ ಅನುಕೂಲಕ್ಕೆಂದು ಮಾಡಿದ್ದು ಕಳ್ಳನಿಗೂ ಅನುಕೂಲವೇ.

ಒಂದು ರಾತ್ರಿ ಬಾಳೆಗೊನೆ ತುಂಬಿದ ಆ ಟ್ರಕ್ಕು ಹ್ಯಾಂಡ್‌ಪೋಸ್ಟಿನಲ್ಲಿ ರಸ್ತೆಯ ಪಕ್ಕಕ್ಕೆ ನಿಂತಿತ್ತು. ಡ್ರೈವರು ಕ್ಯಾಬಿನ್ನಿನಲ್ಲಿ ಮಲಗಿದ್ದರು. ಕ್ಲೀನರ್ ಹುಡುಗ ಹಿಂದೆ, ಗೊನೆಗಳ ಮೇಲೆ ಹೊದಿಸಿದ ಟಾರ್ಪಾಲಿನ ಅಂಚಿನಲ್ಲಿ. ಅವನು ಕಾಡಂಚಿನ ಹಾಡಿಯೊಂದರಿಂದ ಬಂದವನು. ಹದಿನೆಂಟು ತುಂಬಿರಬಹುದು, ಮಾತು ಕಡಮೆ. ಮೈಸೂರಿನ ಮೊದಲ ಬಸ್ಸು ಹಿಡಿಯಲೆಂದು ನಾನು ಭಾವನವರ ಸ್ಕೂಟರಿನಲ್ಲಿ ಅಲ್ಲಿಗೆ ಬಂದಾಗ ಟ್ರಕ್ಕಿನ ಸುತ್ತ ಜನ ಸೇರಿದ್ದರು. ಬಾನೆಟ್ಟು ಬಾಯಿ ತೆರೆದಿತ್ತು. ಬ್ಯಾಟರಿ ಇರಲಿಲ್ಲ. ಕತ್ತರಿಸಿದ ಎರಡು ತಂತಿಗಳು ಮಾತ್ರ ಜೋತಾಡುತ್ತಿದ್ದವು.

ಬ್ಯಾಟರಿಯನ್ನೇ ಏಕೆ ಕದಿಯುತ್ತಾರೆಂಬುದು ಗುಜರಿ ವ್ಯಾಪಾರ ಬಲ್ಲವರಿಗೆ ಗೊತ್ತು. ಅದರ ಹೊಟ್ಟೆಯಲ್ಲಿರುವುದು ಸೀಸ. ಸೀಸವನ್ನು ಎಷ್ಟು ಸಲ ಕರಗಿಸಿದರೂ ಅದು ಸೀಸವೇ; ಕರಗಿದ ಮೇಲೆ ಅದಕ್ಕೆ ಊರೂ ಇಲ್ಲ, ಯಜಮಾನನೂ ಇಲ್ಲ.

ಆ ಗುಂಪಿನಲ್ಲಿ ಮೊದಲು ಮಾತಾಡಿದವನು ನಾನು. “ರಾತ್ರಿ ಈ ಹುಡುಗ ಎಲ್ಲಿದ್ದ?” ಎಂದು ಕೇಳಿದೆ. ಅಷ್ಟೆ. ಬೈಯಲಿಲ್ಲ, ಕಳ್ಳನೆನ್ನಲಿಲ್ಲ. ಆದರೆ ಎಲ್ಲರ ಕಣ್ಣೂ ಅವನ ಕಡೆ ತಿರುಗಿದವು. ಅವನು ನನ್ನನ್ನು ಒಂದು ಸಲ ನೋಡಿದ. ಹೆಗಲ ಮೇಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿ ಚಕ್ರದ ಮೇಲಿಟ್ಟು ರಸ್ತೆ ದಾಟಿ ಹೊರಟುಹೋದ. ಅಷ್ಟರಲ್ಲಿ ನನ್ನ ಬಸ್ಸು ಬಂತು, ನಾನು ಹತ್ತಿದೆ. ಕಳ್ಳ ಇಂದಿಗೂ ಸಿಕ್ಕಿಲ್ಲ.

ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ಟ್ರಕ್ಕು ವೆಲ್ಡಿಂಗ್ ಅಂಗಡಿಯ ಮುಂದೆ ನಿಂತಿತ್ತು. ಮುಂದಿನ ಜಾಲರಿಯ ಕಬ್ಬಿಣಕ್ಕೆ ಒಂದು ಬಳೆ ಬೆಸೆದು, ಬಾನೆಟ್ಟಿನ ತುಟಿಗೆ ಒಂದು ಪಟ್ಟಿ ಕೂರಿಸಿ, ಎರಡನ್ನೂ ಕೂಡಿಸಿ ಬೀಗ ಹಾಕುವ ಏರ್ಪಾಡು. ಬೀಗದ ಬಾಯಿಗೆ ಮಳೆನೀರು ಇಳಿಯದಂತೆ ಹಳೆಯ ಟ್ಯೂಬಿನ ತುಂಡೊಂದನ್ನು ಕಟ್ಟಿದ್ದರು. ಬೀಗಕ್ಕೆ ಎರಡು ಕೈ. ಒಂದನ್ನು ಡ್ರೈವರು ಇಟ್ಟುಕೊಂಡರು. ಇನ್ನೊಂದಕ್ಕೆ ಭಾವನವರು ಕೈ ಚಾಚಿದಾಗ ಡ್ರೈವರು ಕೊಡಲಿಲ್ಲ. “ಇದು ಹುಡುಗನ್ಗೆ” ಎಂದರು. ಹಾಡಿಗೆ ಎರಡು ಸಲ ಹೋಗಿ ಅವನನ್ನು ಕರೆತಂದವರು ಅವರೇ.

ಭಾವನವರು ನನ್ನ ಮುಖ ನೋಡಿದರು. ನಾನು ಸುಮ್ಮನಿದ್ದೆ. ಡ್ರೈವರು ಹೇಳಿದರು: “ಸಾಮೀ, ಹಳೇ ಗಾಡಿ. ತಂತಿ ಉಜ್ಜಿ ಬೆಂಕಿ ಹತ್ಕೊಂಡ್ರೆ ಬಾನೆಟ್ಟು ಆಗ್ಲೇ ತಗೀಬೇಕು. ನಾನು ಟೀಗೋ ನೀರಿಗೋ ಹೋಗಿರ್ತೀನಿ. ಗಾಡಿ ಪಕ್ಕ ಇರೋನ ಕೈಲಿ ಬೀಗದ ಕೈ ಇಲ್ದಿದ್ರೆ, ಬೀಗ ಹಾಕಿದ್ದೇ ಗಾಡಿ ಸುಡೋಕೆ ಆಯ್ತದೆ.” ಆಮೇಲೆ ನನ್ನ ಕಡೆ ತಿರುಗಿ, ಸ್ವರ ಏರಿಸದೆ, “ಮೇಷ್ಟ್ರೇ, ಆವತ್ತು ಬಾನೆಟ್ಟಿನ ಪಕ್ಕದಾಗೆ ಮಲಗಿದ್ದೋನು ನಾನು. ನನ್ನ ಯಾಕೆ ಕೇಳ್ನಿಲ್ಲ ನೀವು?” ಎಂದರು.

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿತ್ತು, ಹೇಳುವಂಥದಾಗಿರಲಿಲ್ಲ ಎಂದರೆ ಹೆಚ್ಚು ನಿಜ. ಡ್ರೈವರು ಇಪ್ಪತ್ತು ವರ್ಷದ ಪರಿಚಯ, ನನಗಿಂತ ಹಿರಿಯರು, ಊರಿನಲ್ಲಿ ಮನೆಮಠ ಉಳ್ಳವರು. ಹುಡುಗ ಹಾಡಿಯವನು, ಅವನ ಪರವಾಗಿ ನಿಲ್ಲುವವರು ಅಲ್ಲಿ ಯಾರೂ ಇರಲಿಲ್ಲ. ಸಂಶಯವು ನೀರಿನಂತೆ, ತಗ್ಗಿನ ಕಡೆಗೇ ಹರಿಯುತ್ತದೆ. ನಾನು ಮಾಡಿದ್ದು ಇಷ್ಟೆ: ತಗ್ಗು ಎಲ್ಲಿದೆಯೆಂದು ಬೆರಳು ತೋರಿಸಿದ್ದು.

ಈಗ ಬೀಗದ ನ್ಯಾಯಕ್ಕೆ ಬರೋಣ. ಬೀಗವೆಂದರೆ ಲೋಕವನ್ನೆಲ್ಲ ಕಳ್ಳರೆಂದು ಬಗೆದಂತೆ, ಅದು ಪ್ರಾಮಾಣಿಕರಿಗೆ ಮಾಡಿದ ಅವಮಾನ ಎಂದು ವಾದಿಸುವವರುಂಟು. ಹಿಂದಿನ ಕಾಲದಲ್ಲಿ ಬೀಗವೇ ಇರಲಿಲ್ಲವೆಂದು ನಿಟ್ಟುಸಿರು ಬಿಡುವವರೂ ಉಂಟು. ಇವರಿಗೆ ಮೆಗಾಸ್ತನೀಸನ ಸಾಕ್ಷಿಯೂ ಇದೆ. ಚಂದ್ರಗುಪ್ತನ ದಂಡಿನ ಪಾಳೆಯದಲ್ಲಿ 4 ಲಕ್ಷ ಜನರಿದ್ದರೂ ಯಾವ ದಿನವೂ 200 ದ್ರಾಕ್ಮಗಳಿಗೆ ಮೀರಿದ ಕಳವಿನ ವರದಿ ಬರಲಿಲ್ಲವೆಂದೂ, ಈ ದೇಶದವರು ಮನೆಗಳನ್ನು ಬಹುಮಟ್ಟಿಗೆ ಕಾವಲಿಲ್ಲದೆ ಬಿಡುತ್ತಾರೆಂದೂ ಅವನು ಬರೆದದ್ದನ್ನು ಸ್ಟ್ರಾಬೋ ಉಳಿಸಿದ್ದಾನೆ.

ಆದರೆ ಅದೇ ಚಂದ್ರಗುಪ್ತನ ಮಂತ್ರಿಯ ಹೆಸರಿನಲ್ಲಿ ಬಂದಿರುವ ಅರ್ಥಶಾಸ್ತ್ರವನ್ನು ತೆರೆದರೆ ಬೇರೊಂದು ಮಾತು ಕಾಣುತ್ತದೆ. ಮರೆತುಹೋಗಿದ್ದ ಆ ಗ್ರಂಥವನ್ನು ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚಿಗೆ ತಂದವರು ಆರ್. ಶಾಮಶಾಸ್ತ್ರಿಗಳು. ಅದರ ನಾಲ್ಕನೆಯ ಅಧಿಕರಣದಲ್ಲಿ ದಾರಿಹೋಕ ವ್ಯಾಪಾರಿಗಳ ವಿಚಾರವಿದೆ. ಸರಕಿನ ಬೆಲೆಯನ್ನು ತಿಳಿಸಿ ವ್ಯಾಪಾರಿ ಊರೊಳಗೆ ತಂಗಿದರೆ, ರಾತ್ರಿ ಕಳವಾದದ್ದನ್ನು ಊರಿನ ಮುಖ್ಯಸ್ಥ ತುಂಬಿಕೊಡಬೇಕು. ಎರಡು ಊರುಗಳ ನಡುವೆ ಕಳವಾದರೆ ಹುಲ್ಲುಗಾವಲಿನ ಅಧಿಕಾರಿ ತುಂಬಿಕೊಡಬೇಕು. ಬೀಗ ಬೇಡವಾಗಲು ಜನ ದೇವತೆಗಳಾಗಬೇಕಿಲ್ಲ, ಹೋದದ್ದಕ್ಕೆ ಉತ್ತರ ಹೇಳುವವನೊಬ್ಬ ಇರಬೇಕು, ಎಂಬುದು ಈ ಕಟ್ಟಳೆಯ ತಿರುಳು. ಇಂದು ಹ್ಯಾಂಡ್‌ಪೋಸ್ಟಿನಲ್ಲಿ ರಾತ್ರಿ ನಿಂತ ಟ್ರಕ್ಕಿಗೆ ಊರಿನ ಯಾರು ಜವಾಬು ಹೇಳಿಯಾರು? ಹೇಳೆಂದು ಕೇಳುವುದೂ ನ್ಯಾಯವಲ್ಲ. ನಿಲ್ಲುವವರು ಯಾರೋ, ಹಾಯುವವರು ಯಾರೋ.

ಉತ್ತರ ಹೇಳುವವರಿಲ್ಲದ ಕಡೆ ಕಳವಾದರೆ, ಉತ್ತರ ಹೇಳಲಾರದವನ ಮೇಲೆ ಅದು ಬೀಳುತ್ತದೆ. ಬೀಗದ ನಿಜವಾದ ಉಪಯೋಗ ನನಗೆ ಹೊಳೆದದ್ದು ಇಲ್ಲಿ. ಬೀಗ ಕಳ್ಳನನ್ನು ತಡೆಯುವುದು ಅಷ್ಟರಲ್ಲೇ ಇದೆ. ಕಬ್ಬಿಣ ಕೊಯ್ಯುವ ಗರಗಸವಿದ್ದವನಿಗೆ ಅದು ಐದು ನಿಮಿಷದ ಕೆಲಸ. ಆದರೆ ಬೀಗ ಮುರಿದಿದ್ದರೆ ಹೊರಗಿನವನು ಬಂದನೆಂಬುದಕ್ಕೆ ಗುರುತಾದರೂ ಉಳಿಯುತ್ತದೆ. ಆ ರಾತ್ರಿ ಬಾನೆಟ್ಟಿಗೆ ಬೀಗವಿದ್ದು, ಅದು ಮುರಿದು ಬಿದ್ದಿದ್ದರೆ, ನನ್ನ ನಾಲಗೆ ಅಷ್ಟು ಬೇಗ ಹೊರಳುತ್ತಿರಲಿಲ್ಲ. ಕಾನೂನಿನ ಕಣ್ಣಿಗೆ ಬೀಗವಿದ್ದರೂ ಇಲ್ಲದಿದ್ದರೂ ಕಳವು ಕಳವೇ. 1860ರ ದಂಡಸಂಹಿತೆಯಲ್ಲಾಗಲಿ, 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಾಗಲಿ ಕಳವಿನ ವ್ಯಾಖ್ಯೆಯಲ್ಲಿ ಬೀಗದ ಮಾತಿಲ್ಲ. ಬೀಗ ಬೇಕಾದದ್ದು ಕಾನೂನಿಗಲ್ಲ, ನಮ್ಮ ಮನಸ್ಸಿಗೆ. ಸೊತ್ತನ್ನು ತೆರೆದಿಟ್ಟು, ಹೋದಮೇಲೆ ಬಡವನ ಮುಖ ನೋಡುವ ಔದಾರ್ಯಕ್ಕಿಂತ, ಬೀಗ ಹಾಕಿ ನಿಶ್ಚಿಂತೆಯಿಂದ ಎಲ್ಲರ ಮುಖವನ್ನೂ ನೋಡುವ ಜಿಪುಣತನ ಮೇಲು.

ಸಂಶಯವನ್ನು ಮನುಷ್ಯರ ಮೇಲೆ ಹೊರಿಸಿದರೆ ಏನಾಗುವುದೆಂಬುದಕ್ಕೆ ಚರಿತ್ರೆಯಲ್ಲಿ ಉದಾಹರಣೆಯಿದೆ. ಬ್ರಿಟಿಷ್ ಸರ್ಕಾರ 1871ರಲ್ಲಿ ಒಂದು ಕಾಯಿದೆ ಮಾಡಿ ಕೆಲವು ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತು. ಆ ಕಾಯಿದೆ ರದ್ದಾದದ್ದು 1952ರಲ್ಲಿ. ಆದರೆ ಅದನ್ನು ಎಂದೂ ಓದದ ನಾನು, ಕನ್ನಡದ ಎಂ.ಎ. ಮಾಡಿದವನು, ಬಸ್ಸಿಗೆ ಕಾದು ನಿಂತ ಒಂದು ಬೆಳಗ್ಗೆ ಅದನ್ನು ಒಂದೇ ವಾಕ್ಯದಲ್ಲಿ ಮತ್ತೆ ಜಾರಿಗೆ ತಂದಿದ್ದೆ.

ನಮ್ಮ ಸಾಹಿತ್ಯ ಕಳ್ಳನ ವಿಷಯದಲ್ಲಿ ಉದಾರಿ. ವಡ್ಡಾರಾಧನೆಯಲ್ಲಿ ಕಳ್ಳನೊಬ್ಬ ರಿಸಿಯಾದ ಕಥೆಯಿದೆ. ಶೂದ್ರಕನ ಮೃಚ್ಛಕಟಿಕದಲ್ಲಿ ಶರ್ವಿಲಕನು ಜನಿವಾರವನ್ನೇ ಅಳತೆಯ ದಾರವಾಗಿ ಹಿಡಿದು ಚಾರುದತ್ತನ ಮನೆಗೆ ಕನ್ನ ಕೊರೆಯುತ್ತಾನೆ; ಚಾರುದತ್ತನೋ, ಕನ್ನದ ಕುಶಲತೆಗೆ ತಲೆದೂಗುತ್ತಾನೆ. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗರು ನಗುತ್ತಾರೆ. ಅದರ ಬೆನ್ನಿಗೇ ಬರುವ ದುಃಖವನ್ನು ನಾನು ಎಂದೂ ಒತ್ತಿ ಹೇಳಿರಲಿಲ್ಲ. ಹೋದದ್ದು ವಸಂತಸೇನೆ ಇಟ್ಟ ಒಡವೆ. ಚಾರುದತ್ತ ಈಗ ಬಡವ. ಕಳವಾಯಿತೆಂದರೆ ಯಾರು ನಂಬುತ್ತಾರೆ? ಇದು ಅವನ ಸಂಕಟ. ಕಳ್ಳ ಒಯ್ದದ್ದು ಒಡವೆ, ಬಡತನ ಒಯ್ದದ್ದು ಮಾತಿನ ಬೆಲೆ. ಹಾಡಿಯ ಹುಡುಗ ಆವತ್ತು ಏನೂ ಹೇಳದೆ ಹೋದದ್ದೇಕೆಂದು ಇನ್ನು ಯಾರನ್ನೂ ಕೇಳಬೇಕಿಲ್ಲ.

ನಮ್ಮ ಮಕ್ಕಳೆಲ್ಲ ಬಾಯಿಪಾಠ ಮಾಡುವ ಬಸವಣ್ಣನವರ ವಚನವೊಂದಿದೆ. ಬೇಡವೆಂದು ಅವರು ಎಣಿಸುವ ಏಳು ಸಂಗತಿಗಳಲ್ಲಿ ಮೊದಲನೆಯದು ಕಳವು, ಕೊಲೆಗಿಂತಲೂ ಮೊದಲು. ಕೊನೆಯದು ಇನ್ನೊಬ್ಬರನ್ನು ಹಳಿಯುವುದು. ಇಷ್ಟು ವರ್ಷ ಪಾಠ ಹೇಳಿದರೂ ಈ ಮೊದಲೂ ಕೊನೆಯೂ ಒಂದೇ ಸಾಲಿನ ಎರಡು ತುದಿಗಳೆಂದು ನನಗೆ ತೋರಿರಲಿಲ್ಲ. ಆ ರಾತ್ರಿ ಯಾರೋ ಒಂದು ತುದಿಯನ್ನು ಮುರಿದರು. ಬೆಳಗಾದಮೇಲೆ ಇನ್ನೊಂದನ್ನು ನಾನು ಮುರಿದೆ.

ಆದ್ದರಿಂದ ಬೀಗ ಹಾಕೋಣ, ಅದರಲ್ಲಿ ಅವಮಾನವಿಲ್ಲ. ಆದರೆ ಬೀಗ ಅರ್ಧ ಕೆಲಸ ಮಾತ್ರ. ಬೀಗದ ಕೈಯನ್ನು ನಮ್ಮ ಸೊಂಟದಲ್ಲೇ ಸಿಕ್ಕಿಸಿಕೊಂಡು, ರಾತ್ರಿಯೆಲ್ಲ ಗಾಡಿ ಕಾಯುವವನನ್ನು ಹೊರಗಿಟ್ಟರೆ, ಅದು ಸಂಶಯಕ್ಕೆ ಹಾಕಿದ ವೆಲ್ಡಿಂಗು. ಬೆಂಕಿ ಬಿದ್ದ ದಿನ ಅದು ಗಾಡಿಯನ್ನೂ ಉಳಿಸದು. ಇದನ್ನು ನನಗೆ ಕಲಿಸಿದ್ದು ಗ್ರಂಥವಲ್ಲ, ಡ್ರೈವರು. ಕೀಲಿಯನ್ನು ನಮ್ಮ ಭಾಷೆ ಬೀಗದ ಕೈ ಎನ್ನುತ್ತದೆ. ಕೈಯೆಂದಮೇಲೆ ಅದನ್ನು ಇನ್ನೊಬ್ಬರಿಗೆ ಕೊಡಲೂ ಬರಬೇಕು.

ಹುಡುಗ ಆ ಕೀಲಿಯನ್ನು ತೆಗೆದುಕೊಂಡು ಉಡಿದಾರಕ್ಕೆ ಕಟ್ಟಿಕೊಂಡ. ನನ್ನ ಕಡೆ ನೋಡಲಿಲ್ಲ. “ತಪ್ಪಾಯಿತಪ್ಪ” ಎಂಬ ಎರಡು ಮಾತು ನನ್ನ ಬಾಯಿಗೆ ಬಂದು ನಿಂತಿತು. ಅಂಗಡಿಯ ಮುಂದೆ ಜನರಿದ್ದರು. ತಪ್ಪು ಹೊರಿಸುವಾಗ ಜನರಿದ್ದದ್ದು ನನಗೆ ಅಡ್ಡಿಯಾಗಿರಲಿಲ್ಲ. ಮುಂದಿನ ಸಲ ಹೋದಾಗ ಹೇಳಬೇಕು. ಅದೂ ಹ್ಯಾಂಡ್‌ಪೋಸ್ಟಿನಲ್ಲೇ, ಬಸ್ಸಿಗೆ ಕಾಯುವ ನಾಲ್ಕು ಜನರ ಎದುರಿಗೇ ಹೇಳಬೇಕು.