ಇಂದಿನ ಧಮ್ಮ ಚಿಂತನೆ: ಒಂದು ಹಕ್ಕಿ ಉಳಿಯಲು ಇನ್ನೊಂದು ಹಕ್ಕಿ ಸಾಯಬೇಕೆ?



ಪ್ರಾಣಿಹತ್ಯೆಯಿಂದ ದೂರವಿರುತ್ತೇನೆ ಎಂದು ನಾವು ಪ್ರತಿದಿನ ಶೀಲ ತೆಗೆದುಕೊಳ್ಳುತ್ತೇವೆ. ಆದರೆ ಒಂದು ಜೀವ ಉಳಿಸಲು ಇನ್ನೊಂದು ಜೀವ ತೆಗೆಯಬೇಕಾಗಿ ಬಂದರೆ? ಅಮೆರಿಕದ ಒಂದು ಪುಟ್ಟ ದ್ವೀಪದ ಬಗ್ಗೆ ಓದಿದಾಗಿನಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ.

ಮೇನ್ ರಾಜ್ಯದ ಕರಾವಳಿಯಾಚೆ ಈಸ್ಟರ್ನ್ ಎಗ್ ರಾಕ್ ಎಂಬ ಸುಮಾರು 7 ಎಕರೆಯ ಬಂಡೆ ದ್ವೀಪವಿದೆ. ಅಲ್ಲಿ ಪಫಿನ್ ಎಂಬ ಕಡಲಹಕ್ಕಿ ಗೂಡು ಮಾಡುತ್ತಿತ್ತು. ಕಪ್ಪು ಬಿಳುಪು ಮೈ, ಬಣ್ಣದ ಕೊಕ್ಕು, ವರ್ಷಕ್ಕೆ ಒಂದೇ ಮೊಟ್ಟೆ. ಮಾಂಸ, ಮೊಟ್ಟೆ, ಗರಿಗಾಗಿ ಜನ ಬೇಟೆಯಾಡಿ 19ನೇ ಶತಮಾನದ ಕೊನೆಗೆ ಅಲ್ಲಿ ಒಂದೂ ಉಳಿಯಲಿಲ್ಲ. 1973ರಲ್ಲಿ ಸ್ಟೀಫನ್ ಕ್ರೆಸ್ ಎಂಬ ತರುಣ ವಿಜ್ಞಾನಿ ಕೆನಡಾದಿಂದ ಮರಿಗಳನ್ನು ತಂದು, ಬಿಲ ಕಟ್ಟಿ, ಮೀನು ತಿನ್ನಿಸಿ ಬೆಳೆಸತೊಡಗಿದರು. ಕಡಲಿಗೆ ಹೋದ ಮರಿಗಳನ್ನು ಮರಳಿ ಸೆಳೆಯಲು ಮರದ ಪಫಿನ್ ಗೊಂಬೆಗಳನ್ನು ಬಂಡೆಯ ಮೇಲಿಟ್ಟರು. 1977ರಲ್ಲಿ ಮೊದಲ ಹಕ್ಕಿ ಮರಳಿತು. 1981ರಲ್ಲಿ ಗೂಡಾಯಿತು. ಈಗ ಅಲ್ಲಿ ನೂರಕ್ಕೂ ಹೆಚ್ಚು ಜೋಡಿಗಳಿವೆ.

ಇದರಲ್ಲಿ ಕಹಿಯಾದ ಭಾಗವೂ ಇದೆ. ಮರಿಗಳನ್ನು ತಿನ್ನುವ ಗಲ್ ಎಂಬ ದೊಡ್ಡ ಕಡಲಹಕ್ಕಿಗಳು ದ್ವೀಪವನ್ನು ಆವರಿಸಿದ್ದವು. ಅವುಗಳಲ್ಲಿ ಹಲವನ್ನು ವಿಷವಿಟ್ಟು ಕೊಲ್ಲಲಾಯಿತು.

"ಪ್ರಕೃತಿಯಲ್ಲಿ ಬಲವಿದ್ದದ್ದು ಬದುಕುತ್ತದೆ, ನಾವೇಕೆ ಕೈ ಹಾಕಬೇಕು?" ಎನ್ನುವವರಿದ್ದಾರೆ. ಈ ಮಾತು ನಮಗೆ ಹೊಸದೇ? ಅವರವರ ಹಣೆಬರಹ, ಇದ್ದದ್ದು ಇದ್ದ ಹಾಗೇ ಇರಲಿ ಎಂಬುದನ್ನು ನಮ್ಮ ಹಿರಿಯರು ತಲೆತಲಾಂತರದಿಂದ ಕೇಳಿದ್ದಾರೆ. ಪಫಿನ್‌ಗಳನ್ನು ಅಳಿಸಿದ್ದು ಮನುಷ್ಯರು. ಗಲ್‌ಗಳು ಅಷ್ಟು ಹೆಚ್ಚಿದ್ದೂ ಮನುಷ್ಯರು ಬಿಸಾಡಿದ ಕಸ, ಮೀನಿನ ತ್ಯಾಜ್ಯ ತಿಂದು. ಮನುಷ್ಯರೇ ಕಟ್ಟಿದ ಸ್ಥಿತಿಗೆ ಪ್ರಕೃತಿ ಎಂದು ಹೆಸರಿಟ್ಟು ಸುಮ್ಮನಿರುವುದು ಅಹಿಂಸೆಯಲ್ಲ.

ಹಾಗೆಂದು ಗಲ್ ಅನ್ನು ಪೀಡೆ ಎಂದು ಕರೆದು ಕೊಂದರೆ ಮುಗಿಯಿತೆ? ಹಣೆಪಟ್ಟಿ ಒಂದು ಜೀವವನ್ನು ಎಷ್ಟು ಅಗ್ಗ ಮಾಡುತ್ತದೆ ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಲ್‌ಗೂ ಹಸಿವಿದೆ, ಮರಿಗಳಿವೆ.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅಹಿಂಸೆಯನ್ನು ನಿಯಮವಾಗಿ ಅಲ್ಲ, ತತ್ವವಾಗಿ ನೋಡಲು ಹೇಳುತ್ತಾರೆ. ಕೊಲ್ಲುವ ಇಚ್ಛೆ ಬೇರೆ, ಕೊಲ್ಲುವ ಅಗತ್ಯ ಬೇರೆ ಎನ್ನುತ್ತಾರೆ. ನಿಯಮ ಪಾಲಿಸುವವನಿಗೆ ತನ್ನ ಕೈ ಶುದ್ಧವಾಗಿದ್ದರೆ ಸಾಕು. ತತ್ವ ಪಾಲಿಸುವವನು ಈ ಅಗತ್ಯ ಎಲ್ಲಿಂದ ಬಂತು, ಅದನ್ನು ಇಲ್ಲವಾಗಿಸಲು ನಾನೇನು ಕೊಡಬಲ್ಲೆ ಎಂದು ಕೇಳಿಕೊಳ್ಳಬೇಕು.

ಆ ದ್ವೀಪದಲ್ಲಿ ಉತ್ತರವೂ ಸಿಕ್ಕಿದೆ. ಪ್ರತಿ ಬೇಸಿಗೆಯಲ್ಲಿ ಕೆಲವರು ಅಲ್ಲೇ ಬಿಡಾರ ಹೂಡುತ್ತಾರೆ. ಮನುಷ್ಯರಿದ್ದರೆ ಗಲ್‌ಗಳು ಹತ್ತಿರ ಬರಲು ಹಿಂಜರಿಯುತ್ತವೆ. ವಿಷ ಮಾಡುತ್ತಿದ್ದ ಕೆಲಸದ ಬಹುಪಾಲನ್ನು ಈಗ ಕಾವಲು ಮಾಡುತ್ತದೆ. ಮೊದಲ ಸಾವುಗಳಿಗೆ ಅಗತ್ಯವಿತ್ತು ಎಂದು ನಾನು ಒಪ್ಪುತ್ತೇನೆ. ಆದರೆ ಅವು ಸಾಲ, ಆ ಕಾವಲು ಅದರ ತೀರುವಳಿ. ಮೈತ್ರಿ ಎಂದರೆ ಮನಸ್ಸಿನ ಹಾರೈಕೆಯಷ್ಟೇ ಅಲ್ಲ, ಗಾಳಿಮಳೆಯಲ್ಲಿ ಬಂಡೆಯ ಮೇಲೆ ಕೂರುವ ಶ್ರಮ.

ಈಗ ಆ ಕಡಲು ಬಿಸಿಯಾಗುತ್ತಿದೆ. 2012ರ ಬೇಸಿಗೆಯಲ್ಲಿ ತಾಯಿತಂದೆ ತಂದ ಅಗಲ ಮೀನನ್ನು ನುಂಗಲಾಗದೆ ಮೇನ್ ಕರಾವಳಿಯ ಮರಿಗಳು ಹಸಿವಿನಿಂದ ಸತ್ತವು. ಇದಕ್ಕೆ ದೂರಲು ಯಾವ ಗಲ್ ಕೂಡ ಇಲ್ಲ. ಕಾರಣವಿದ್ದರೆ ಕಾರ್ಯ. ಕಾರಣ ಮನುಷ್ಯರ ಹೊಗೆ.

ಇಂದು ಶೀಲ ಹೇಳುವಾಗ ಒಂದು ಕ್ಷಣ ಯೋಚಿಸೋಣ: ನಾನು ಕೊಲ್ಲಲಿಲ್ಲ, ಸರಿ. ಯಾರಿಗಾಗಿ ಕಾವಲು ಕೂತೆ?

ಜೈ ಭೀಮ್. ನಮೋ ಬುದ್ಧಾಯ. 🙏